ಬಲಕ್ಕೆ ತಿರುಗಿಸುವ ಬೆಳಕು

ಬೆಳಕು ದಾರಿ ತೋರಿಸುತ್ತದೆ, ಅಷ್ಟೇ. ನಡೆಯುವುದು ನಮ್ಮ ಕಾಲು, ನಮ್ಮ ಮರ್ಜಿ ಎಂದು ನಾನೂ ನಂಬಿದ್ದೆ. ಈಗ ಯಾರಾದರೂ ಹಾಗೆಂದರೆ ಅವರನ್ನು ಕೂರಿಸಿಕೊಂಡು ನಮ್ಮ ಹೊನಗತ್ತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕೇಳಿದ ಮೇಲೆ ಹೆಚ್ಚಿನವರು ಮನೆಗೆ ಹೋಗುವಾಗ ತಮ್ಮ ಕಾಲುಗಳನ್ನೇ ನೋಡಿಕೊಂಡು ಹೋಗುತ್ತಾರೆ.

ಹೊನಗತ್ತಿ ಭೀಮಾ ನದಿಯ ದಂಡೆಯ ಊರು. ಕಲಬುರಗಿಯಿಂದ ಬಸ್ಸು ಹತ್ತಿದರೆ ಅರ್ಧ ದಿನ ಹಾಳು. ಊರಿನ ಪಶ್ಚಿಮಕ್ಕೆ, ನದಿಯ ಮಗ್ಗುಲಲ್ಲೇ, ಮಣ್ಣಿನಡಿಯಿಂದ ಅಗೆದು ತೆಗೆದ ಹಳೆಯ ಬೌದ್ಧ ಸ್ತೂಪವಿದೆ. ಅಗೆದು ತೆಗೆದದ್ದಾದ್ದರಿಂದ ಅದರ ಸುತ್ತಲಿನ ಪ್ರದಕ್ಷಿಣೆಯ ದಾರಿ ಊರಿನ ನೆಲಕ್ಕಿಂತ ಒಂದಾಳು ತಗ್ಗಿನಲ್ಲಿದೆ. ಇಳಿಯುವುದಕ್ಕೂ ಹತ್ತುವುದಕ್ಕೂ ಪೂರ್ವದ ಬಾಗಿಲಿನ ಮೆಟ್ಟಿಲು ಒಂದೇ. ಒಳಗೆ ಸ್ತೂಪದ ಗೋಡೆ, ಹೊರಗೆ ಕಟಾಂಜನ ಎಂಬ ಎದೆಮಟ್ಟದ ತಡೆಬೇಲಿ, ನಡುವೆ ನಾಲ್ಕು ಜನ ಸಾಲಾಗಿ ನಡೆಯಬಹುದಾದಷ್ಟು ದಾರಿ. ಸ್ತೂಪವನ್ನು ಬಲಗೈ ಕಡೆ ಇಟ್ಟುಕೊಂಡು ಸುತ್ತುವುದು ಪದ್ಧತಿ.

ಪ್ರವಾಸೋದ್ಯಮ ಬೆಳೆಸಬೇಕು ಎಂಬ ಹುಕಿ ಸರ್ಕಾರಕ್ಕೆ ಬಂದಾಗ ಶ್ರೀಲಂಕಾದವರು, ಥಾಯ್ಲೆಂಡಿನವರು, ಜಪಾನಿನವರು, ನಾಗಪುರದವರು ಎಲ್ಲರೂ ಬರತೊಡಗಿದರು. ಬಂದವರು ದಾರಿ ತಪ್ಪಿ ತೊಗರಿ ಹೊಲಕ್ಕೆ ನುಗ್ಗುತ್ತಿದ್ದರು. ಆರು ಭಾಷೆಯಲ್ಲಿ ಬೋರ್ಡು ಹಾಕಿದರು. ಬೋರ್ಡುಗಳ ಹಿಂದೆ ಸ್ತೂಪವೇ ಕಾಣದಂತಾಯಿತು. ಆಗ ಬಂದವರು ಪ್ರೊಫೆಸರ್ ಸದಾನಂದ ಕೋರಿ. ಕೋರಿ ಸರ್ ಧಾರವಾಡದ ಕಡೆಯವರು, ಕಣ್ಣು ಮತ್ತು ನಡಿಗೆಯ ಸಂಬಂಧ ಓದಿದವರು, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಅವರು ಎಲ್ಲ ಬೋರ್ಡುಗಳನ್ನೂ ಕಿತ್ತು ಹಾಕಿಸಿ, ನೆಲದ ಎರಡೂ ಅಂಚಿಗೆ ಸಣ್ಣ ದೀಪಗಳ ಸಾಲು ಕೂರಿಸಿದರು. ಆ ಯೋಜನೆಗೆ 'ದೀಪಪಥ' ಎಂದು ಹೆಸರಿಟ್ಟರು.

ಅದರ ಯುಕ್ತಿ ಇಷ್ಟೇ. ನಾವು ನಡೆಯುವಾಗ ಅಕ್ಕಪಕ್ಕದ ನೆಲ ಹಿಂದಕ್ಕೆ ಹರಿದಂತೆ ಕಾಣುತ್ತದಲ್ಲ, ಅದನ್ನು ಕಣ್ಣಂಚು ಸದಾ ಅಳೆಯುತ್ತಿರುತ್ತದೆ. ಒಂದು ಪಕ್ಕದ ಹರಿವು ಜೋರಾದರೆ, ಆ ಕಡೆಯ ಗೋಡೆ ಹತ್ತಿರ ಬಂತು ಎಂದು ಮೈ ಭಾವಿಸಿ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಬುದ್ಧಿಯನ್ನು ಅದು ಕೇಳುವುದೇ ಇಲ್ಲ. ದೀಪಪಥದಲ್ಲಿ ಎಡಸಾಲಿನ ಬೆಳಕು ಬಲಸಾಲಿಗಿಂತ ಸ್ವಲ್ಪ ಜೋರಾಗಿ ಹರಿಯುತ್ತಿತ್ತು. ಜನ ಸ್ತೂಪದ ಕಡೆ ನೋಡುತ್ತ, ಮಾತಾಡುತ್ತ, ಫೋಟೊ ತೆಗೆಯುತ್ತ, ತಮಗೇ ಗೊತ್ತಿಲ್ಲದೆ ಬಲಕ್ಕೆ ತಿರುಗುತ್ತ ಸುತ್ತು ಮುಗಿಸುತ್ತಿದ್ದರು. ಮೇಲಿನ ಕ್ಯಾಮೆರಾ ಒಬ್ಬೊಬ್ಬರ ನಡಿಗೆಯನ್ನೂ ಗುರುತಿಟ್ಟುಕೊಂಡು, ಯಾರಿಗೆ ಎಷ್ಟು ಬೆಳಕು ಬೇಕೋ ಅಷ್ಟನ್ನೇ ಅವರ ಕಾಲ ಬಳಿ ಹರಿಸುತ್ತಿತ್ತು. ಭಾಷೆ ಬೇಡ, ಬಾಣದ ಗುರುತು ಬೇಡ, 'ಆ ಕಡೆ ಹೋಗಬೇಡಿ' ಎಂದು ಕೂಗುವ ಕಾವಲುಗಾರ ಬೇಡ. ನನಗೆ ಮೊದಲ ದಿನ ಅದನ್ನು ನೋಡಿ ಕಣ್ಣಲ್ಲಿ ನೀರೇ ಬಂದಿತ್ತು.

ನಾನು ಅದೇ ಊರಿನವಳು, ಸಂಘಮಿತ್ರಾ. ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ ದೀಪಪಥದ ನಿಯಂತ್ರಣ ಕೊಠಡಿಗೆ ಸೇರಿದೆ. ನಮ್ಮದು ಅಜ್ಜನ ಕಾಲಕ್ಕೆ ಬೌದ್ಧ ಧಮ್ಮ ಸ್ವೀಕರಿಸಿದ ಮನೆತನ. ಮಣ್ಣಿನಡಿಯಿಂದ ಸ್ತೂಪ ಹೊರಬಂದಾಗ ನಮ್ಮ ಓಣಿಯ ಹೆಂಗಸರು ಬಿಳಿ ಸೀರೆ ಉಟ್ಟು ಹಾಡುತ್ತ ಹೋಗಿದ್ದರಂತೆ, ಅದರಲ್ಲಿ ಮದುವೆಯಾಗಿ ಹೊಸದಾಗಿ ಬಂದಿದ್ದ ನನ್ನ ಅವ್ವ ಚಂದ್ರಭಾಗಾಬಾಯಿಯೂ ಇದ್ದಳು. ಅಂದಿನಿಂದ ಅವಳು ಸಂಜೆಯ ಪ್ರದಕ್ಷಿಣೆ ತಪ್ಪಿಸಿದವಳಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ನಾನು ಮತ್ತು ಆ ಸ್ತೂಪ, ಇಬ್ಬರೇ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ದೀಪಪಥಕ್ಕೆ ಎಡಕ್ಕೆ ನಡೆಸುವುದು ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದ್ದರು. ಏಕೆಂದರೆ ಬಾಗಿಲಿಗೆ ಹತ್ತಿರದಲ್ಲೇ, ಪ್ರದಕ್ಷಿಣೆಯ ಕೊನೆಗೆ ಬರುವ ಜಾಗದಲ್ಲಿ, ಚೆಂದದ ಒಂದು ಬುದ್ಧಪಾದದ ಶಿಲ್ಪವಿದೆ. ಕಾರಿನಲ್ಲಿ ಬರುವ ದೊಡ್ಡ ಮಂದಿ ಇಡೀ ಸುತ್ತು ನಡೆಯುವ ತ್ರಾಸು ಯಾಕೆ ಎಂದು, ಬಾಗಿಲಿಂದ ಉಲ್ಟಾ ದಿಕ್ಕಿನಲ್ಲಿ ಹೋಗಿ ಶಿಲ್ಪದ ಮುಂದೆ ಫೋಟೊ ತೆಗೆಸಿಕೊಂಡು ಓಡುತ್ತಿದ್ದರು. ನಮ್ಮವರಿಗೆ ಅದು ಬಹಳ ನೋವಿನ ಸಂಗತಿಯಾಗಿತ್ತು. ಆದ್ದರಿಂದ ದೀಪಪಥ ಕಟ್ಟುವಾಗ ಊರಿನ ಸಮಿತಿ, ನಮ್ಮ ಬೌದ್ಧ ಭಿಕ್ಷು ಭಂತೇಜಿ, ಕೋರಿ ಸರ್ ಎಲ್ಲರೂ ಕೂತು ಖುಷಿಯಿಂದ ತೀರ್ಮಾನಿಸಿದರು: ಈ ಬೆಳಕು ಯಾರನ್ನೂ, ಯಾವ ಕಾರಣಕ್ಕೂ, ಸ್ತೂಪವನ್ನು ಎಡಕ್ಕಿಟ್ಟು ನಡೆಸಬಾರದು. ನಾಳೆ ಯಾರೋ ಫೋನು ಮಾಡಿ ಒತ್ತಡ ಹಾಕಿದರೂ ಬದಲಿಸಲು ಬಾರದಂತೆ ಕೋರಿ ಸರ್ ಆ ನಿಯಮವನ್ನು ದೀಪಗಳ ಎಲೆಕ್ಟ್ರಾನಿಕ್ ಚಿಪ್‌ನೊಳಗೇ ಅಳಿಸಲಾಗದಂತೆ ಕೂರಿಸಿದರು. ಆ ದಿನ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ನಾನೂ ತಟ್ಟಿದ್ದೆ.

ಮೊದಲ ವರ್ಷ ಎಲ್ಲವೂ ಚೆನ್ನಾಗಿಯೇ ಇತ್ತು. ಹೋಟೆಲುಗಳು ಎದ್ದವು, ಆಟೋಗಳು ಬಂದವು, ನಮ್ಮ ಊರಿನ ಜೋಳದ ರೊಟ್ಟಿಯನ್ನು ಜಪಾನಿನವರು ಫೋಟೊ ತೆಗೆದುಕೊಂಡು ತಿಂದರು. ಎರಡನೆಯ ವರ್ಷ ಒಂದು ದಿನ ಕೋರಿ ಸರ್ ನಗುನಗುತ್ತ ಕೊಠಡಿಗೆ ಬಂದು ಒಂದು ರೇಖಾಚಿತ್ರ ತೋರಿಸಿದರು.

"ನೋಡವಾ ಸಂಘಮಿತ್ರಾ, ಕರೆಂಟ್ ಖರ್ಚು ಅರ್ಧಕ್ಕ ಇಳದೈತಿ. ಮತ್ತ ಮತ್ತ ಬರೋ ಮಂದಿಗೆ ಬೆಳಕು ಕಡಿಮಿ ಸಾಕಾಗಾಕತ್ತೈತಿ. ಅವರ ಕಾಲು ಕಲ್ತಬಿಟ್ಟಾವ."

"ಪೂರಾ ಕಲ್ತ್ರ ಏನಾಗ್ತದ ಸರ್?"

"ಬೆಳಕ ಬೇಕಾಗೂದಿಲ್ಲ!" ಎಂದು ಅವರು ಕನ್ನಡಕ ಒರೆಸಿದರು. "ಬೆಳಕು ಒಳಗ ಹೋಗಿ ಕುಂತಂಗ ಆತು. ಇದಕ್ಕಿಂತ ದೊಡ್ಡ ಮಾತು ಯಾವುದೈತಿ?"

ಆ ದಿನ ಎಲ್ಲರಿಗೂ ಶೇಂಗಾ ಹೋಳಿಗೆ ತರಿಸಿದರು. ನಾನೂ ಎರಡು ತಿಂದೆ.

ಮನೆಯಲ್ಲಿ ಮೊದಲು ಅದು ತಮಾಷೆಯ ವಿಷಯವಾಗಿತ್ತು. ನಮ್ಮ ಮನೆಯ ಹೊಸ್ತಿಲು ದಾಟಿ ಎಡಕ್ಕೆ ತಿರುಗಿದರೆ ಎರಡನೆಯದೇ ಶೇವಂತಾಬಾಯಿಯ ಮನೆ. ಶೇವಂತಾಬಾಯಿ ಅವ್ವನ ಜೀವದ ಗೆಳತಿ. ಇಬ್ಬರೂ ದಿನಾ ಸಂಜೆ ಕೂಡಿಯೇ ಪ್ರದಕ್ಷಿಣೆಗೆ ಹೋಗುವವರು. ಒಂದು ದಿನ ಅವ್ವ ಹೊಸ್ತಿಲು ದಾಟಿ, ಬಲಕ್ಕೆ ತಿರುಗಿ, ಗಿರಣಿ ಹಾದು, ಇಡೀ ಓಣಿ ಸುತ್ತಿಕೊಂಡು ಶೇವಂತಾಬಾಯಿಯ ಮನೆ ಸೇರಿದ್ದನ್ನು ಕಂಡೆ.

"ಯವ್ವಾ, ಮಗ್ಗಲ ಮನಿಗಿ ಹೋಗ್ಲಿಕ್ಕ ಊರೆಲ್ಲಾ ಯಾಕ ಸುತ್ತತಿ?"

"ಹಂಗೇ ಹೋದೆ. ಕಾಲಿಗಿ ಜರಾ ಓಡಾಟ ಬೇಕಲ್ಲಾ" ಎಂದಳು.

ಆಮೇಲೆ ನೋಡಿದರೆ ಶೇವಂತಾಬಾಯಿಯದೂ ಅದೇ ಕಥೆ. ಆಮೇಲೆ ನೋಡಿದರೆ ನಮ್ಮ ಓಣಿಯ ಎಲ್ಲ ಹೆಂಗಸರದೂ ಅದೇ. ನೀರಿಗೆ ಹೋಗುವವರು, ಗಿರಣಿಗೆ ಹೋಗುವವರು, ಬಟ್ಟೆ ಒಣಹಾಕುವವರು, ಎಲ್ಲರೂ ಬಲಕ್ಕೇ ತಿರುಗಿ, ಬಲಕ್ಕೇ ತಿರುಗಿ, ಮೂರು ಸಲ ಬಲಕ್ಕೆ ತಿರುಗಿ ಎಡಕ್ಕೆ ಹೋಗುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ದಿನಾ ಪ್ರದಕ್ಷಿಣೆಗೆ ಹೋಗದ ಗಂಡಸರು ನಗುತ್ತಿದ್ದರು. ನಾನು ಆ ಸಂಜೆ ಬಾಗಿಲು ಹಾಕಿಕೊಂಡು ಎಡಕ್ಕೆ ತಿರುಗಿ ನೋಡಿಕೊಂಡೆ. ತಿರುಗಿದೆ. ನಾನು ಸಿಬ್ಬಂದಿಯ ಹಿಂಬಾಗಿಲಿನಿಂದ ಕೊಠಡಿಗೆ ಹೋಗುವವಳು, ಆ ದಾರಿಯಲ್ಲಿ ನಡೆಯುವುದೇ ಅಪರೂಪ. ತಿರುಗಿದ ಖುಷಿಗೆ ಮತ್ತೊಮ್ಮೆ ತಿರುಗಿದೆ, ಮತ್ತೊಮ್ಮೆ ತಿರುಗಿದೆ, ನಿಲ್ಲಿಸಲು ಹೆದರಿಕೆಯಾಯಿತು.

ನಿಜವಾದ ಹೆದರಿಕೆ ಶುರುವಾದದ್ದು ಬಸ್‌ಸ್ಟ್ಯಾಂಡಿನಲ್ಲಿ. ಅವ್ವನೂ ನಾನೂ ಶಹಾಬಾದಿಗೆ ಹೋಗಲು ನಿಂತಿದ್ದೆವು. ಬಲಗಡೆಯಿಂದ ಒಂದು ಟ್ರ್ಯಾಕ್ಟರ್ ಬ್ರೇಕು ಹತ್ತದೆ ನಮ್ಮ ಮೈಮೇಲೆ ಬಂತು. ನಾನು ಎಡಕ್ಕೆ ಹಾರಿದೆ. ಅವ್ವನೂ ಹಾರಬೇಕಿತ್ತು. ಅವಳ ಮುಖ ಎಡಕ್ಕೆ ತಿರುಗಿತು, ಕೈ ಎಡಕ್ಕೆ ಚಾಚಿತು, ಕಾಲು ಮಾತ್ರ ಟ್ರ್ಯಾಕ್ಟರಿನ ಕಡೆಗೆ ಹೆಜ್ಜೆ ಹಾಕಿತು. ಡ್ರೈವರ್ ಹೇಗೋ ಸ್ಟಿಯರಿಂಗ್ ಕಿತ್ತು ಪಕ್ಕದ ಹಣ್ಣಿನ ಗಾಡಿಗೆ ಗುದ್ದಿದ. ಬಾಳೆಹಣ್ಣೆಲ್ಲ ರಸ್ತೆಗೆ ಚೆಲ್ಲಿತು. ಅವ್ವ ನಡುವೆ ನಿಂತು ತನ್ನ ಕಾಲುಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಅಂಥ ಗಲಿಬಿಲಿಯನ್ನು ನಾನು ಎಂದೂ ಕಂಡಿರಲಿಲ್ಲ.

"ಯಾಕ ಆ ಕಡಿ ಹೋದಿ ಯವ್ವಾ?"

"ನಾ ಹೋಗಿಲ್ಲ" ಎಂದಳು ಅವ್ವ. "ಕಾಲು ಜಾರ್ತು, ಅಷ್ಟೇ" ಎಂದು ಸೆರಗು ಸರಿಪಡಿಸಿಕೊಂಡಳು.

ಮರುದಿನ ಕೊಠಡಿಗೆ ಹೋದವಳೇ ಅವ್ವನ ನಡಿಗೆಗೆ ಬೇಕಾದ ಬೆಳಕಿನ ರೇಖೆ ತೆಗೆದು ನೋಡಿದೆ. ಆರಂಭದಲ್ಲಿ ಎತ್ತರದಲ್ಲಿದ್ದ ಗೆರೆ ಇಳಿಯುತ್ತ ಇಳಿಯುತ್ತ ಬಂದು, ಕಳೆದ ಬೇಸಿಗೆಯಲ್ಲೇ ನೆಲ ಮುಟ್ಟಿತ್ತು. ಅವಳ ಕಾಲ ಬಳಿ ದೀಪಪಥ ಬೆಳಕು ಹರಿಸುವುದನ್ನೇ ನಿಲ್ಲಿಸಿತ್ತು. ಶೇವಂತಾಬಾಯಿಯದೂ ಹಾಗೆಯೇ. ಓಣಿಯ ಒಬ್ಬೊಬ್ಬರದನ್ನೂ ತೆಗೆದು ನೋಡುತ್ತ ಹೋದೆ, ಎಲ್ಲ ಗೆರೆಗಳೂ ನೆಲ ಮುಟ್ಟಿದ್ದವು. ನಾವು ಹೋಳಿಗೆ ತಿಂದದ್ದು ಇದಕ್ಕೆ.

ಕೋರಿ ಸರ್ ಕೆಟ್ಟವರಲ್ಲ. ನನ್ನ ಮಾತು ಪೂರ್ತಿ ಕೇಳಿದರು, ರೇಖೆಗಳನ್ನೆಲ್ಲ ನೋಡಿದರು, ಕನ್ನಡಕ ಒರೆಸುವುದನ್ನು ಮರೆತರು.

"ಈ ದೀಪದ ಚಿಪ್ ಬದಲಾಯಿಸಬೇಕಂದ್ರ ಎಲ್ಲಾ ಕಿತ್ತು ಹೊಸಾದು ಹಾಕಬೇಕು" ಎಂದರು ಕೊನೆಗೆ. "ಧಮ್ಮಚಕ್ರದ ದಿನ ಹತ್ರ ಬಂತು. ಹೊರದೇಶದವ್ರು ಬರಾಕತ್ತಾರ. ಅದೊಂದು ಮುಗೀಲಿ. ಮರುದಿನಾನ ಬಂದ್ ಮಾಡೂಣು. ನನ್ನ ಮಾತು."

"ಅಲ್ಲೀತನಾ ನಮ್ಮವ್ವ?"

"ಅಲ್ಲೀತನಾ ಮನ್ಯಾಗ ಇಟ್ಕೋ. ಹೊರಗ ಬಿಡಬ್ಯಾಡ."

ಮನೆಯಲ್ಲಿಟ್ಟುಕೊಳ್ಳುವುದಂತೆ! ಅವ್ವನನ್ನು! ಸಂಜೆಯಾಗುತ್ತಲೂ ಅವಳು ಬಿಳಿ ಸೀರೆ ಉಟ್ಟು ನಿಂತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಯವ್ವಾ, ನಾಕು ದಿನ ಬಿಡು. ನಿನ್ನ ಕಾಲಿಗಿ ಏನೋ ಆಗ್ಯಾದ."

"ಏನೂ ಆಗಿಲ್ಲ. ನನ್ನ ಕಾಲು ಈಗ ತಾವೇ ಬುದ್ಧನ ಕಡಿ ತಿರುಗ್ತಾವ ಮಗಳಾ" ಎಂದಳು ಅವ್ವ, ನಾಚಿಕೊಂಡಂತೆ. "ನಾ ಯಾರಿಗೂ ಹೇಳಿಲ್ಲ. ಶೇವಂತಾಗ ಒಬ್ಬಾಕಿಗಿ ಹೇಳೀನಿ. ಇಷ್ಟು ವರ್ಷ ನಡದದ್ದಕ್ಕ ಒಂದು ಫಲ ಸಿಕ್ಕದ ಅಂತ ಆಕಿನೂ ಅಂದಳು. ನೀ ಅದಕ್ಕ ರೋಗ ಅಂತಿ?"

ಅದು ನಮ್ಮ ದೀಪ ಎಂದು ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖದಲ್ಲಿದ್ದ ಬೆಳಗನ್ನು ನೋಡಿ ನಾಲಗೆ ಹಿಂದಕ್ಕೆ ಹೋಯಿತು. ಅವ್ವ ನನ್ನನ್ನು ಮೆಲ್ಲಗೆ ಸರಿಸಿ ಹೊಸ್ತಿಲು ದಾಟಿದಳು, ಬಲಕ್ಕೆ ತಿರುಗಿದಳು.

ನಮ್ಮವರು ಧಮ್ಮ ಸ್ವೀಕರಿಸಿದ ನೆನಪಿನ ಹಬ್ಬವಾದ ಧಮ್ಮಚಕ್ರ ಪ್ರವರ್ತನ ದಿನ ಬಂತು. ಮೇಲಿನ ಸೀಮೆಯಲ್ಲಿ ಮೂರ್ನಾಲ್ಕು ದಿನದಿಂದ ಮಳೆ. ಭೀಮೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಸ್ತೂಪದ ಪಶ್ಚಿಮಕ್ಕೆ, ನದಿಗೂ ತಗ್ಗಿಗೂ ನಡುವೆ ಮಣ್ಣಿನ ಒಡ್ಡು ಇತ್ತು. ಮಧ್ಯಾಹ್ನ ಜನ ಹೋಗಿ ನೋಡಿ ಬಂದು, ಇನ್ನೂ ಎತ್ತರ ಅದ, ಅಂಜಿಕೆ ಇಲ್ಲ ಎಂದರು. ಸಂಜೆಗೆ ದಾರಿಯ ತುಂಬ ಬಿಳಿ ಸೀರೆಗಳು, ಭಿಕ್ಷುಗಳು ಹೊದೆಯುವ ಕಾವಿ ಚೀವರಗಳು, ಹೊರದೇಶದವರ ಕ್ಯಾಮೆರಾಗಳು. ನಾನು ಪರದೆಯಲ್ಲಿ ಅವ್ವನನ್ನೇ ಹುಡುಕುತ್ತ ಕೂತಿದ್ದೆ. ಅವಳು, ಶೇವಂತಾಬಾಯಿ, ಓಣಿಯ ಹೆಂಗಸರು ಎಲ್ಲರೂ ಒಟ್ಟಾಗಿ ದಕ್ಷಿಣದ ಕಡೆ ನಡೆಯುತ್ತಿದ್ದರು. ಬುದ್ಧಂ ಸರಣಂ ಎಂಬ ದನಿ ಕೊಠಡಿಯವರೆಗೆ ಕೇಳಿಸುತ್ತಿತ್ತು.

ಒಡ್ಡು ಒಡೆದದ್ದು ಪರದೆಯಲ್ಲಿ ಸದ್ದಿಲ್ಲದೆ ಕಂಡಿತು. ಪಶ್ಚಿಮದ ಕಟಾಂಜನ ಒಮ್ಮೆ ಮಿಸುಕಿ ಮಲಗಿತು. ಅದರ ಮೇಲಿಂದ ನೀರು ತಗ್ಗಿಗೆ ಬಿತ್ತು. ಅಲ್ಲಿದ್ದ ಕ್ಯಾಮೆರಾ ಕಪ್ಪಾಯಿತು. ಆಮೇಲೆ ಸದ್ದು ಬಂತು.

ದಕ್ಷಿಣದಲ್ಲಿದ್ದವರಿಗೆ ಬಾಗಿಲು ಹತ್ತಿರದಲ್ಲೇ ಇತ್ತು, ಆದರೆ ಬೆನ್ನ ಹಿಂದೆ. ಬಂದ ದಾರಿಯಲ್ಲೇ ವಾಪಸು ನಡೆದರೆ ಮೆಟ್ಟಿಲು. ಹಾಗೆ ನಡೆಯುವುದೆಂದರೆ ಸ್ತೂಪ ಎಡಗೈ ಕಡೆ.

"ಬೆಳಕು ತಿರುಗಿಸ್ರಿ ಸರ್!" ಎಂದು ಕಿರುಚಿದೆ. ತಿರುಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಕೋರಿ ಸರ್ ಮುಖ್ಯ ಸ್ವಿಚ್ಚು ಎಳೆದರು. ದೀಪಪಥ ಪೂರ್ತಿ ಆರಿತು. ಕಂಬದ ಮೇಲಿನ ನಾಲ್ಕು ದೊಡ್ಡ ದೀಪಗಳ ಬೆಳಕಿನಲ್ಲಿ ಹೊರಗಿನಿಂದ ಬಂದವರೆಲ್ಲ ಒಮ್ಮೆಲೇ ತಿರುಗಿ ಬಾಗಿಲ ಕಡೆ ಓಡಿದರು. ಜಪಾನಿನ ಮುದುಕರೂ ಓಡಿದರು. ನಮ್ಮ ಬಿಳಿ ಸೀರೆಯವರು ತಿರುಗಲಿಲ್ಲ.

ತಿರುಗಲಿಲ್ಲ ಎಂದರೆ ತಪ್ಪಾದೀತು, ತಿರುಗಿದರು. ಬಲಕ್ಕೆ ತಿರುಗಿದರು, ಬಾಗಿಲ ಕಡೆಗೆ ಮುಖವಾಯಿತು, ಒಂದು ಹೆಜ್ಜೆ ಇಟ್ಟರು, ಆ ಹೆಜ್ಜೆಯೂ ಬಲಕ್ಕೇ ವಾಲಿತು, ಕಟಾಂಜನಕ್ಕೆ ಬಡಿದರು, ಮತ್ತೆ ಬಲಕ್ಕೆ ತಿರುಗಿದರು, ಮತ್ತೆ ನೀರಿನ ಕಡೆಗೇ ಮುಖ. ನಿಂತವರು ನಿಂತಲ್ಲೇ ನಡುಗುತ್ತಿದ್ದರು. ಹೆದರಿ ಓಡಿದವರು ನೀರಿನ ಕಡೆಗೇ ಓಡಿದರು. ಕೋರಿ ಸರ್ ಮೈಕು ಹಿಡಿದು "ಹೊಳ್ಳಿ ಬರ್ರಿ, ಹೊಳ್ಳಿ ಬರ್ರಿ" ಎಂದು ಅಳುತ್ತಿದ್ದರು. ನಾನು ಕೊಠಡಿ ಬಿಟ್ಟು ಓಡಿದೆ.

ಮೆಟ್ಟಿಲಿಳಿಯುವಾಗ ಮೇಲೆ ಬರುವವರು ನನ್ನನ್ನು ಗೋಡೆಗೆ ಒತ್ತಿದರು. ಕೆಳಗೆ ನೀರು ಆಗಲೇ ಪಾದ ಮುಚ್ಚುತ್ತಿತ್ತು. ಬಿಳಿ ಸೀರೆಗಳ ನಡುವೆ ತೂರಿಕೊಂಡು ಹೋದೆ. ಎಲ್ಲ ನನ್ನ ಓಣಿಯ ಮುಖಗಳೇ. ನನ್ನನ್ನು ಎತ್ತಿ ಆಡಿಸಿದವರು. "ಮಿತ್ರಾ, ಕಾಲು ಕೇಳವಲ್ಲವು!" ಎಂದು ಒಬ್ಬಳು ನನ್ನ ತೋಳು ಹಿಡಿದಳು. ಬಿಡಿಸಿಕೊಂಡು ಮುಂದೆ ಹೋದೆ. ಆ ಕೈ ಬಿಡಿಸಿಕೊಂಡದ್ದು ಈಗಲೂ ನನ್ನ ತೋಳಿಗೆ ಗೊತ್ತಾಗುತ್ತದೆ.

ಅವ್ವ ಸಾಲಿನ ಮುಂದಿದ್ದಳು. ನೀರು ಮೊಣಕಾಲಿನ ಮೇಲಿತ್ತು. ಅವಳಿಗಿಂತ ಮುಂದೆ ಶೇವಂತಾಬಾಯಿ ಸೊಂಟದ ಮಟ್ಟದ ನೀರಿನಲ್ಲಿ, ಎರಡೂ ಕೈಯಿಂದ ಸ್ತೂಪದ ಗೋಡೆಯ ಕಲ್ಲು ಹಿಡಿದು ನಿಂತಿದ್ದಳು. ನಾನು ಅವ್ವನ ತೋಳು ಹಿಡಿದು ಎಡಕ್ಕೆ ಎಳೆದೆ. ಬಾವಿಗೆ ಎಳೆದರೆ ಎತ್ತು ಹೇಗೆ ಕಾಲೂರುತ್ತದೋ ಹಾಗೆ ಕಾಲೂರಿದಳು. ಎಳೆದಷ್ಟೂ ಅವಳ ಮೈ ಸೆಟೆದು ಬಲಕ್ಕೆ ಹೊರಳುತ್ತಿತ್ತು.

"ಬಿಡು ಮಿತ್ರಾ. ನೀ ಹೋಗು, ನೀ ಹೋಗಲೇ!"

"ನಿನ್ನ ಬಿಟ್ಟು ಎಲ್ಲಿಗಿ ಹೋಗ್ಲಿ?"

ಹಿಂದಿನವರು ನೂಕಿದರು. ಅವ್ವ ಮುಂದಕ್ಕೆ ಮುಗ್ಗರಿಸಿದಳು. ಬೀಳದಂತೆ ಹಿಡಿಯಲು ನಾನು ಅವಳ ಮುಂದಕ್ಕೆ ಹೋಗಿ, ನದಿಗೆ ಬೆನ್ನು ಕೊಟ್ಟು, ಎರಡೂ ಕೈಯನ್ನು ಅವಳ ಭುಜಕ್ಕೆ ಕೊಟ್ಟು ತಡೆದೆ. ನೀರು ನನ್ನನ್ನು ಹಿಂದಿನಿಂದ ಅವಳ ಮೇಲೆ ಒತ್ತಿತು. ಅವ್ವ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಸರಾಗವಾಗಿ ಇಟ್ಟಳು. ಇನ್ನೊಂದು ಇಟ್ಟಳು.

ನಾನು ಅವಳ ಕಾಲು ನೋಡಿದೆ, ಗೋಡೆ ನೋಡಿದೆ. ಸ್ತೂಪ ಅವಳ ಬಲಗೈ ಕಡೆಗೇ ಇತ್ತು! ಮುಖ ನೀರಿನ ಕಡೆ, ಬಲಕ್ಕೆ ಸ್ತೂಪ, ಹೆಜ್ಜೆ ಮಾತ್ರ ಬಾಗಿಲ ಕಡೆಗೆ. ಅವಳ ಕಾಲಿಗೆ ಬೆಳಕು ಕಲಿಸಿದ್ದ ಪಾಠ ಮುಂದೆ ನಡೆಯುವವರ ಪಾಠ. ಹಿಂದಕ್ಕೆ ನಡೆಯುವ ಕಾಲಿಗೆ ಯಾರೂ ಏನೂ ಕಲಿಸಿರಲಿಲ್ಲ.

"ತಿರುಗಬ್ಯಾಡ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. "ಯಾರೂ ತಿರುಗಬ್ಯಾಡ್ರಿ! ಇದ್ದಂಗೇ ಇದ್ದು ಹಿಂದಕ್ಕ ಹೆಜ್ಜಿ ಇಡ್ರಿ! ಹಿಂದಕ್ಕ ಹಿಂದಕ್ಕ!"

ಪರದೆಯಲ್ಲಿ ನಮ್ಮನ್ನು ನೋಡುತ್ತಿದ್ದ ಕೋರಿ ಸರ್‌ಗೆ ಅರ್ಥವಾಯಿತು. ಮೈಕಿನಲ್ಲಿ ಅದೇ ಮಾತು ಬಂತು, ಒಂದೇ ಸಮನೆ, ಒಡೆದ ದನಿಯಲ್ಲಿ. ಬಿಳಿ ಸೀರೆಗಳು ಹಿಂದಕ್ಕೆ ಸರಿಯತೊಡಗಿದವು. ನದಿಯನ್ನು ನೋಡುತ್ತಲೇ, ಹಿಂದಿನವಳು ಮುಂದಿನವಳ ಸೊಂಟ ಹಿಡಿದುಕೊಂಡು, ಬೆನ್ನು ಮುಂದಾಗಿ ಮೆಟ್ಟಿಲು ಹತ್ತಿದರು. ಮೇಲಿದ್ದವರು ಒಬ್ಬೊಬ್ಬರನ್ನೇ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡರು.

ಅವ್ವನನ್ನು ನೂಕುತ್ತ ನೂಕುತ್ತ ನಾನು ಹಿಂತಿರುಗಿ ನೋಡಿದೆ. ಶೇವಂತಾಬಾಯಿಗೆ ಮೈಕಿನ ಮಾತು ಕೇಳಿಸಿತ್ತು. ಅವಳು ಕಲ್ಲು ಬಿಟ್ಟು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಹಿಡಿಯಲು ಅವಳ ಹಿಂದೆ ಯಾರೂ ಇರಲಿಲ್ಲ. ನೀರು ಅವಳ ಕಾಲು ಕಿತ್ತಿತು, ಅವಳು ಮುಳುಗಿದಳು. ಅವ್ವ ನನ್ನ ಭುಜದ ಮೇಲಿಂದ ಅದನ್ನು ನೋಡಿದಳು. ಒಂದು ಕೈಯನ್ನು ಆ ಕಡೆಗೆ ಚಾಚಿದಳು.

ಶೇವಂತಾಬಾಯಿ ಮತ್ತು ಅವಳಂತೆ ಮುಂದಿದ್ದ ಇನ್ನೂ ಕೆಲವರು ನಮಗೆ ಸಿಕ್ಕದ್ದು ನೀರು ಇಳಿದ ಮೇಲೆ. ಅದನ್ನು ಹೇಳಲು ನನ್ನಿಂದಾಗದು.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಕಣ್ಣಂಚು, ಎಡಸಾಲಿನ ಹರಿವು, ನೆಲ ಮುಟ್ಟಿದ ಗೆರೆ, ಎಲ್ಲ. ಅವಳು ಗೋಡೆಗೆ ಒರಗಿ ಕೂತು ಕೇಳಿದಳು. ಬೈದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಅಂದ್ರ ಅದು ಫಲ ಅಲ್ಲ" ಎಂದಳು.

"ಅಲ್ಲ ಯವ್ವಾ."

"ಶೇವಂತಾಗ ಫಲ ಅಂತ ನಾನೇ ಹೇಳಿದ್ದೆ."

ಚಳಿಗಾಲದ ಹೊತ್ತಿಗೆ ಕೋರಿ ಸರ್ ಹೊಸ ದೀಪಗಳನ್ನು ತಂದರು. ಮನುಷ್ಯ ಅರ್ಧ ಆಗಿಹೋಗಿದ್ದರು. ಶಾಲೆಯ ಹಾಲಿನಲ್ಲಿ ಎರಡೂ ಅಂಚಿಗೆ ದೀಪ ಹಾಕಿ, ಬಲಸಾಲಿನ ಹರಿವು ಜೋರು ಮಾಡಿ, ಹೆಂಗಸರನ್ನು ನಡೆಸಿದರು. ಕೆಲವು ವಾರಗಳಲ್ಲೇ ಎಲ್ಲರೂ ಎಡಕ್ಕೆ ತಿರುಗತೊಡಗಿದರು. ಕುಣಿದಾಡಿದರು. ಓಣಿಯಲ್ಲಿ ಮತ್ತೆ ಜನ ನೆಟ್ಟಗೆ ಮಗ್ಗುಲ ಮನೆಗೆ ಹೋಗಿ ಬಂದರು. ಅವ್ವ ಮಾತ್ರ ಹಾಲಿನ ಬಾಗಿಲಿಗೂ ಹೋಗಲಿಲ್ಲ.

"ಬಾ ಯವ್ವಾ, ಎಲ್ಲಾರೂ ಛಲೋ ಆಗ್ಯಾರ" ಎಂದು ಅಂಗಲಾಚಿದೆ.

"ಆ ಬೆಳಕಿಗಿ ನಾ ಎಡಕ್ಕ ತಿರುಗಿದ್ರ, ತಿರುಗಿದಾಕಿ ಯಾರು?" ಎಂದಳು. "ಮೊದಲ ನೀವೇ ಬಲಕ್ಕ ತಿರುಗಿಸಿದ್ರಿ. ಈಗ ನೀವೇ ಎಡಕ್ಕ ತಿರುಗಿಸ್ತೀರಿ. ನಾ ಎಲ್ಲಿ ಅದೀನಿ ಇದ್ರಾಗ?"

ಅವಳು ದಿನಾ ಗೋಡೆ ಹಿಡಿದುಕೊಂಡು ತಾನೇ ಎಡಕ್ಕೆ ತಿರುಗಲು ನೋಡುತ್ತಿದ್ದಳು. ಎಷ್ಟೋ ಸಲ ಬಿದ್ದಳು. ಒಂದು ಬೆಳಿಗ್ಗೆ ಒಲೆಯ ಮುಂದಿನಿಂದ ಎದ್ದು ಎಡಕ್ಕೆ ತಿರುಗಿ ನೀರಿನ ಕೊಡ ಮುಟ್ಟಿದಳು. ನಾನು ಕೂಗಿಕೊಂಡು ಅಪ್ಪಿದೆ. ಅವಳು ನಗಲಿಲ್ಲ, ತನ್ನ ಕಾಲಿನ ಕಡೆಗೇ ನೋಡುತ್ತಿದ್ದಳು. ಆ ನೋಟದಲ್ಲಿ ಬಸ್‌ಸ್ಟ್ಯಾಂಡಿನ ಗಲಿಬಿಲಿ ಹೋಗಿ ಭಯ ಬಂದು ಕೂತಿತ್ತು.

ವೈಶಾಖದ ಹುಣ್ಣಿಮೆಗೆ ಸ್ತೂಪದ ಸುತ್ತಲಿನ ಹೂಳು ತೆಗೆದು ದಾರಿಯನ್ನು ಮತ್ತೆ ತೆರೆದರು. ದೀಪಗಳಿಲ್ಲ, ಹಣತೆಗಳೂ ಬೇಡವೆಂದರು. ಹಗಲು ಬೆಳಕಿನಲ್ಲೇ ಎಲ್ಲರೂ ಬಂದರು. ಅವ್ವನೂ ಬಿಳಿ ಸೀರೆ ಉಟ್ಟು ಬಂದಳು. ನನ್ನ ಕೈ ಹಿಡಿದು ಮೆಟ್ಟಿಲಿಳಿದಳು. ಎಲ್ಲರೂ ಸ್ತೂಪವನ್ನು ಬಲಕ್ಕಿಟ್ಟು ನಡೆಯತೊಡಗಿದರು. ಅವ್ವನ ಪಾದ ಒಂದು ಹೆಜ್ಜೆಗೆಂದು ಎದ್ದಿತು. ಎದ್ದ ಪಾದವನ್ನು ನೋಡಿದಳು. ಮೆಲ್ಲಗೆ ಅಲ್ಲೇ ಕೆಳಗಿಟ್ಟಳು.

"ನಡಿ ಯವ್ವಾ, ನಾ ಅದೀನಿ" ಎಂದೆ.

"ಇದು ನಾ ಎತ್ತಿದ್ದೋ, ಅದೇ ಎದ್ದದ್ದೋ, ನಂಗ ತಿಳೀವಲ್ದು" ಎಂದಳು ಅವ್ವ.

ಮದುವೆಯಾಗಿ ಈ ಊರಿಗೆ ಬಂದಂದಿನಿಂದ ತಪ್ಪದೆ ಸುತ್ತಿದವಳು ಅಂದು ಸುತ್ತಲಿಲ್ಲ. ಹೆಂಗಸರು ಹಾಡುತ್ತ ಒಂದು ಸುತ್ತು ಮುಗಿಸಿ ಬಂದರು, ಇನ್ನೊಂದು ಸುತ್ತಿಗೆ ಹೋದರು. ಅವ್ವ ಮೆಟ್ಟಿಲ ಬಳಿ ನೆಲದ ಮೇಲೆ ಕೂತಳು. ಕಾಲುಗಳನ್ನು ಸೀರೆಯೊಳಗೆ ಎಳೆದು ಮುಚ್ಚಿಕೊಂಡಳು. ಕೂತಲ್ಲಿಂದಲೇ ಸ್ತೂಪಕ್ಕೆ ಕೈ ಮುಗಿದಳು, ಬಹಳ ಹೊತ್ತು ಹಾಗೆಯೇ ಇದ್ದಳು. ಆಮೇಲೆ ಮುಗಿದ ಕೈಗಳನ್ನು ಕಣ್ಣ ಮುಂದೆ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮಿತ್ರಾ" ಎಂದಳು, ಪಿಸುದನಿಯಲ್ಲಿ, ಚಿಕ್ಕ ಹುಡುಗಿ ಕತ್ತಲಿಗೆ ಹೆದರಿ ಕೇಳುವ ಹಾಗೆ. "ಈ ಕೈ ನನ್ನವೇ ಅವ ಹೌದಿಲ್ಲೋ?"

"ನಿನ್ನವೇ ಯವ್ವಾ" ಎಂದೆ. ಆ ಎರಡೂ ಕೈಗಳನ್ನು ನನ್ನ ಕೈಯೊಳಗೆ ಹಿಡಿದುಕೊಂಡೆ.